ಅಂಬಾಸಿಡರ್ 1489 ಸಿ.ಸಿ. ಪೆಟ್ರೋಲ್ ಎಂಜಿನ್ ಮನೆಯಲ್ಲೇ ಬಿಚ್ಚಿ ಕಟ್ಟುವುದು: ಸಮಗ್ರ ಮಾರ್ಗದರ್ಶಿ

ಫುಲ್ ಎಂಜಿನ್ ಕೆಲಸ ಮುಗಿದು ಮೂರು ತಿಂಗಳಾಗಿರುವುದಿಲ್ಲ, ಸಿಗ್ನಲ್‌ನಲ್ಲಿ ನಿಂತಾಗ ಆಯಿಲ್ ಲೈಟ್ ಮಿನುಗಲು ಶುರುವಾಗುತ್ತದೆ. ಸೈಲೆನ್ಸರ್‌ನಿಂದ ನೀಲಿ ಹೊಗೆ ಬರುತ್ತದೆ. ಹೊಸ ಪಿಸ್ಟನ್, ಹೊಸ ರಿಂಗ್, ಹೊಸ ಬೇರಿಂಗ್ ಎಲ್ಲ ಹಾಕಿಯೂ ಹೀಗೇಕಾಗುತ್ತದೆ ಅಂದರೆ ಕಾರಣ ಬಹುಪಾಲು ಎರಡೇ. ಒಂದು, ಅಳತೆ ನೋಡುವ ಮೊದಲೇ ಸಾಮಾನು ಕೊಂಡು ತಂದದ್ದು. ಇನ್ನೊಂದು, ಬೋರಿಂಗ್ ಮಾಡಿಸಿ ತಂದ ಬ್ಲಾಕನ್ನು ಸರಿಯಾಗಿ ತೊಳೆಯದೆ ಕಟ್ಟಿದ್ದು. ಕೈಚಳಕದ ಕೊರತೆಯಿಂದ ಕೆಟ್ಟ ಎಂಜಿನ್‌ಗಳಿಗಿಂತ ಕೆಲಸದ ಅನುಕ್ರಮ ತಪ್ಪಿ ಕೆಟ್ಟವೇ ಹೆಚ್ಚು. ಹಾಗಾಗಿ ಕೆಳಗಿನ ಹಂತಗಳನ್ನು ಹಿಂದುಮುಂದು ಮಾಡಬೇಡಿ.

ಇಲ್ಲಿ ಹೇಳಿರುವುದು ಹಳೆಯ ಬಿಎಂಸಿ (ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್) ವಿನ್ಯಾಸದ 1489 ಸಿ.ಸಿ. ಪೆಟ್ರೋಲ್ ಎಂಜಿನ್‌ಗೆ: ಬೋರ್ (ಸಿಲಿಂಡರಿನ ಒಳವ್ಯಾಸ) 73.025 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 88.9 ಮಿ.ಮೀ., ಕ್ರ್ಯಾಂಕ್‌ಶಾಫ್ಟಿಗೆ ಮೂರು ಮೇನ್ ಬೇರಿಂಗ್. ಡೀಸೆಲ್‌ಗಾಗಲಿ ಇಸುಜು 1800 ಎಂಜಿನ್‌ಗಾಗಲಿ ಈ ಅಳತೆಗಳು ಹೊಂದುವುದಿಲ್ಲ. ನಿಮ್ಮ ಕಾರಿನ ವರ್ಷದ ಮ್ಯಾನುವಲ್‌ನಲ್ಲಿ ಬೇರೆ ಸಂಖ್ಯೆ ಇದ್ದರೆ ಅದನ್ನೇ ಅನುಸರಿಸಿ.

ಜಾಗ ಮತ್ತು ಉಪಕರಣ

ಗೇರ್‌ಬಾಕ್ಸ್ ಬಿಟ್ಟರೂ ಈ ಎಂಜಿನ್ 150 ಕೆ.ಜಿ. ದಾಟುತ್ತದೆ. 30x40 ಸೈಟಿನ ಮನೆಗಳಲ್ಲಿ ಪೋರ್ಟಿಕೋದ ಸಜ್ಜಾಕ್ಕೋ ಮೆಟ್ಟಿಲಿನ ಸ್ಲ್ಯಾಬಿಗೋ ಹಗ್ಗ ಕಟ್ಟಿ ಎತ್ತುವುದುಂಟು. ಸಜ್ಜಾವನ್ನು ಇಂಥ ಭಾರ ತೂಗಲು ಕಟ್ಟಿರುವುದಿಲ್ಲ, ಖಂಡಿತ ಬೇಡ. ಒಂದು ಟನ್ನಿನ ಚೈನ್ ಪುಲ್ಲಿ ಮತ್ತು ಅದರ ಭಾರ ತಡೆಯುವ ಕಬ್ಬಿಣದ ಮುಕ್ಕಾಲಿ ಸ್ಟ್ಯಾಂಡ್ ಬಾಡಿಗೆಗೆ ತನ್ನಿ.

ಈ ಎಂಜಿನ್ನಿನ ನಟ್ಟು ಬೋಲ್ಟುಗಳು ಇಂಚಿನವು. 7/16, 1/2, 9/16, 5/8 ಅಳತೆಯ ಸ್ಪ್ಯಾನರ್ ಮತ್ತು ಸಾಕೆಟ್ ಬೇಕು. 1/2ರ ನಟ್ಟಿಗೆ 13 ಮಿ.ಮೀ. ಸ್ಪ್ಯಾನರ್ ಕೂರುತ್ತದೆ ನಿಜ, ಆದರೆ ಸ್ವಲ್ಪ ಸಡಿಲ. ಬಿಗಿ ನಟ್ಟಿನ ಮೂಲೆ ಸವೆದು ಗುಂಡಗಾಗುವುದು ಅಲ್ಲೇ.

ಇವುಗಳ ಜೊತೆಗೆ ಟಾರ್ಕ್ ರೆಂಚ್, ಫೀಲರ್ ಗೇಜ್, 25–50 ಮತ್ತು 50–75 ಮಿ.ಮೀ. ಮೈಕ್ರೋಮೀಟರ್, ಬೋರ್ ಗೇಜ್, ಡಯಲ್ ಗೇಜ್, ಕಂಪ್ರೆಷನ್ ಗೇಜ್, ವಾಲ್ವ್ ಸ್ಪ್ರಿಂಗ್ ಕಂಪ್ರೆಸರ್, ರಿಂಗ್ ಕಂಪ್ರೆಸರ್ ಮತ್ತು ಪ್ಲಾಸ್ಟಿಗೇಜ್ (ಬೇರಿಂಗ್ ಸಂದಿ ಅಳೆಯುವ ಮೆದು ಪ್ಲಾಸ್ಟಿಕ್ ಎಳೆ) ಬೇಕು. ಬೋರ್ ಗೇಜ್ ದುಬಾರಿ ಅನ್ನಿಸಿದರೆ ಅಳತೆಯ ದಿನಕ್ಕಷ್ಟೇ ಎರವಲು ತನ್ನಿ. ಟಾರ್ಕ್ ರೆಂಚ್ ಮಾತ್ರ ಸ್ವಂತದ್ದಿರಲಿ.

ಹಂತ 1: ಇಳಿಸುವ ಮುನ್ನ ಪರೀಕ್ಷೆ

ಹೊಗೆ ಬಂದ ಮಾತ್ರಕ್ಕೆ ಇಡೀ ಎಂಜಿನ್ ಬಿಚ್ಚಬೇಕಿಲ್ಲ. ಎಂಜಿನ್ ಬಿಸಿ ಮಾಡಿ ನಾಲ್ಕೂ ಪ್ಲಗ್ ತೆಗೆಯಿರಿ. ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಒಂದೊಂದೇ ಸಿಲಿಂಡರಿನ ಕಂಪ್ರೆಷನ್ ನೋಡಿ ಬರೆದಿಡಿ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಪುಸ್ತಕದಲ್ಲಿರುವ ಸಂಖ್ಯೆಗಿಂತ ಇಲ್ಲಿ ಹತ್ತರಲ್ಲಿ ಒಂದು ಪಾಲು ಕಡಿಮೆ ತೋರುವುದು ಸಹಜ, ಅದು ಸವೆತವಲ್ಲ. ಸಿಲಿಂಡರ್‌ಗಳ ನಡುವಿನ ವ್ಯತ್ಯಾಸವೇ ಮುಖ್ಯ.

ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಹಾಕಿ ಮತ್ತೆ ನೋಡಿ. ಒತ್ತಡ ಚೆನ್ನಾಗಿ ಏರಿದರೆ ರಿಂಗ್ ಅಥವಾ ಬೋರ್ ಸವೆದಿದೆ. ಏರದಿದ್ದರೆ ವಾಲ್ವ್ ಸೋರುತ್ತಿದೆ. ಅಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೇ ಕಡಿಮೆಯಿದ್ದರೆ ಮೊದಲು ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನಪಡಿ.

ಆಯಿಲ್ ಪ್ರೆಷರನ್ನು ಲೈಟಿನಿಂದ ಅಳೆಯಲಾಗುವುದಿಲ್ಲ. ಸ್ವಿಚ್ ಜಾಗಕ್ಕೆ ಮೆಕ್ಯಾನಿಕಲ್ ಗೇಜ್ ಹಾಕಿ. ಬಿಸಿ ಎಂಜಿನ್ ಓಟದಲ್ಲಿ ಸುಮಾರು 50 ಪಿಎಸ್ಐ, ಐಡ್ಲಿಂಗ್‌ನಲ್ಲಿ 15ರ ಆಸುಪಾಸು ತೋರಿದರೆ, ಕೆಳಗಿನಿಂದ ಸದ್ದೂ ಇಲ್ಲದಿದ್ದರೆ, ಹೆಡ್ ಕೆಲಸವಷ್ಟೇ ಸಾಕಾಗಬಹುದು.

ಹಂತ 2: ಇಳಿಸುವುದು

ಬ್ಯಾಟರಿ ಕಳಚಿ, ನೀರು ಮತ್ತು ಆಯಿಲ್ ಇಳಿಸಿ, ರೇಡಿಯೇಟರ್ ಹೊರತೆಗೆಯಿರಿ. ಪೆಟ್ರೋಲ್ ಪೈಪ್ ಬಿಚ್ಚಿದ ತಕ್ಷಣ ಅದರ ತುದಿ ಮುಚ್ಚಿ. ಪ್ರತಿ ವೈರಿಗೂ ಮಾಸ್ಕಿಂಗ್ ಟೇಪಿನ ಚೀಟಿ ಅಂಟಿಸಿ.

ಗೇರ್‌ಬಾಕ್ಸ್ ಕಾರಲ್ಲೇ ಉಳಿಸುವುದಾದರೆ ಅದರ ಕೆಳಗೆ ಜಾಕ್ ಕೊಡಿ. ಎಂಜಿನ್ ಗೇರ್‌ಬಾಕ್ಸಿನ ಶಾಫ್ಟಿನಿಂದ ಪೂರ್ತಿ ಬಿಡುವವರೆಗೆ ಅದರ ಭಾರ ಆ ಶಾಫ್ಟಿನ ಮೇಲೆ ಬೀಳಬಾರದು, ಬಿದ್ದರೆ ಕ್ಲಚ್ ಪ್ಲೇಟಿನ ಹಬ್ ಸೊಟ್ಟಗಾಗುತ್ತದೆ. ತೂಗುತ್ತಿರುವ ಎಂಜಿನ್ನಿನ ಕೆಳಗೆ ಕೈಯನ್ನೂ ಹಾಕಬೇಡಿ.

ಹಂತ 3: ಬಿಚ್ಚುವುದು

ಮೊದಲ ತಪ್ಪು ರಾಕರ್ ಶಾಫ್ಟಿನಲ್ಲೇ ಆಗುತ್ತದೆ. ಹೆಡ್ಡಿನಲ್ಲಿ ಒಟ್ಟು 11 ನಟ್ಟುಗಳಿವೆ, ರಾಕರ್ ಬ್ರಾಕೆಟ್ಟುಗಳನ್ನು ಹಿಡಿದಿರುವ ನಾಲ್ಕು ದೊಡ್ಡ ನಟ್ಟುಗಳೂ ಇವುಗಳಲ್ಲೇ ಸೇರಿವೆ. ರಾಕರ್ ತೆಗೆಯುವುದೆಂದು ಆ ನಾಲ್ಕನ್ನಷ್ಟೇ ಸಡಿಲಿಸಿದರೆ ಒಂದೇ ಬದಿಗೆ ಬಿಗಿ ಉಳಿದು ಹೆಡ್ ಬಾಗುತ್ತದೆ. ತಣ್ಣಗಿನ ಎಂಜಿನ್ನಿನಲ್ಲಿ, ನೀರು ಇಳಿಸಿದ ಮೇಲೆ, ಹನ್ನೊಂದನ್ನೂ ಕಾಲು ಕಾಲು ಸುತ್ತಿನಂತೆ ಸರದಿಯಲ್ಲಿ ಸಡಿಲಿಸಿ.

ಪುಶ್‌ರಾಡ್‌ಗಳನ್ನು ಸ್ವಲ್ಪ ತಿರುಗಿಸಿ ಎತ್ತಿ. ರಟ್ಟಿನ ಪೆಟ್ಟಿಗೆಗೆ ಎಂಟು ತೂತು ಮಾಡಿ 1ರಿಂದ 8ರವರೆಗೆ ನಂಬರ್ ಬರೆದು ಸಿಕ್ಕಿಸಿ. ಪಕ್ಕದ ಕವರ್ ತೆಗೆದು ಟ್ಯಾಪೆಟ್‌ಗಳನ್ನೂ ಅದೇ ಕ್ರಮದಲ್ಲಿ ಇಡಿ. ಕ್ಯಾಮ್‌ಶಾಫ್ಟಿನ ಒಂದು ಲೋಬಿಗೆ (ಉಬ್ಬಿಗೆ) ಸವೆದು ಹೊಂದಿಕೊಂಡ ಟ್ಯಾಪೆಟ್ಟನ್ನು ಇನ್ನೊಂದಕ್ಕೆ ಹಾಕಿದರೆ ಎರಡೂ ಬೇಗ ಹಾಳಾಗುತ್ತವೆ.

ಕೆಳಭಾಗ ಬಿಚ್ಚುವ ಮುನ್ನ ಡಯಲ್ ಗೇಜಿನಿಂದ ಕ್ರ್ಯಾಂಕಿನ ಹಿಂದುಮುಂದಿನ ಆಟ ಅಳೆದು ಬರೆದುಕೊಳ್ಳಿ. ಕನೆಕ್ಟಿಂಗ್ ರಾಡ್ ಮತ್ತು ಕ್ಯಾಪ್‌ಗಳ ಮೇಲೆ ನಂಬರ್ ಇಲ್ಲದಿದ್ದರೆ ಒಂದೇ ಬದಿಯಲ್ಲಿ ಗುರುತು ಹಾಕಿ. ಕ್ಯಾಪ್‌ಗಳನ್ನು ರಾಡಿಗೆ ಜೋಡಿಸಿಯೇ ಬೋರ್ ಮಾಡಿರುತ್ತಾರೆ, ಅದಲು ಬದಲಾದರೆ ಆ ರಾಡ್ ಕೆಲಸಕ್ಕೆ ಬರುವುದಿಲ್ಲ. ಬೋರಿನ ಮೇಲಂಚಿನಲ್ಲಿ ಉಗುರಿಗೆ ತಾಗುವಷ್ಟು ಏಣು ಇದ್ದರೆ ಪಿಸ್ಟನ್ ತಳ್ಳುವ ಮುನ್ನ ಅದನ್ನು ಕೆರೆದು ತೆಗೆಯಿರಿ.

ಕ್ಯಾಮ್‌ಶಾಫ್ಟ್ ಬರುತ್ತಿಲ್ಲವೆಂದು ಬಡಿಯಬೇಡಿ. ಡಿಸ್ಟ್ರಿಬ್ಯೂಟರ್ ಮತ್ತು ಅದನ್ನು ತಿರುಗಿಸುವ ಡ್ರೈವ್ ಶಾಫ್ಟ್, ಕೆಳಗಿನ ಆಯಿಲ್ ಪಂಪ್, ಮುಂದಿನ ಲಾಕ್ ಪ್ಲೇಟ್ ಎಲ್ಲ ತೆಗೆದ ಮೇಲಷ್ಟೇ ಅದು ಈಚೆ ಬರುವುದು. ಕ್ರ್ಯಾಂಕ್ ಗೇರಿನ ಹಿಂದಿರುವ ತೆಳು ಶಿಮ್‌ಗಳನ್ನು ಕಳೆಯಬೇಡಿ.

ಹಂತ 4: ಅಳತೆ

ಈ ಹಂತ ಮುಗಿಯುವವರೆಗೆ ಬಿಡಿಭಾಗದ ಅಂಗಡಿಗಳಿರುವ ಬೆಂಗಳೂರಿನ ಜೆ.ಸಿ. ರಸ್ತೆಯ ಕಡೆ ಹೋಗಲೇಬೇಡಿ. ಅಂಗಡಿಯವರು ಕೇಳುವ ಮೊದಲ ಪ್ರಶ್ನೆಯೇ "ಸೈಜ್ ಎಷ್ಟು ಸಾರ್?" ಅದಕ್ಕೆ ಉತ್ತರ ಕಾಗದದ ಮೇಲಿರಬೇಕು.

ಬೋರ್: ಪ್ರತಿ ಸಿಲಿಂಡರನ್ನು ಏಣಿನ ಕೆಳಗೆ, ನಡುವೆ, ತಳದಲ್ಲಿ ಹೀಗೆ ಮೂರು ಕಡೆ, ಕ್ರ್ಯಾಂಕಿಗೆ ಉದ್ದಕ್ಕೂ ಅಡ್ಡಕ್ಕೂ ಅಳೆಯಿರಿ. ನಾಲ್ಕು ಸಿಲಿಂಡರಿಗೆ 24 ಸಂಖ್ಯೆ ಬರುತ್ತವೆ. ಅತಿ ಹೆಚ್ಚಿಗೂ ಅತಿ ಕಡಿಮೆಗೂ ವ್ಯತ್ಯಾಸ 0.10 ಮಿ.ಮೀ. ದಾಟಿದರೆ ಬೋರ್ ಮಾಡಿಸಲೇಬೇಕು. ಹೊಸ ರಿಂಗ್ ಮಾತ್ರ ಹಾಕಿ ತಪ್ಪಿಸಿಕೊಳ್ಳಲು ನೋಡಿದರೆ ಹೊಗೆ ಮತ್ತೆ ಬರುತ್ತದೆ. ಓವರ್‌ಸೈಜ್ ಪಿಸ್ಟನ್‌ಗಳು 10, 20, 30, 40 ಥೌ (ಒಂದು ಥೌ ಎಂದರೆ ಇಂಚಿನ ಸಾವಿರದಲ್ಲಿ ಒಂದು ಪಾಲು), ಅಂದರೆ 0.25, 0.51, 0.76, 1.02 ಮಿ.ಮೀ. ಹೆಚ್ಚಿನ ಅಳತೆಯಲ್ಲಿ ಬರುತ್ತವೆ.

ಕ್ರ್ಯಾಂಕ್: ಸ್ಟ್ಯಾಂಡರ್ಡ್ ಮೇನ್ ಜರ್ನಲ್ (ಬೇರಿಂಗಿನಲ್ಲಿ ತಿರುಗುವ ಗುಂಡು ಭಾಗ) ಸುಮಾರು 50.8 ಮಿ.ಮೀ., ಬಿಗ್ ಎಂಡ್ (ಕನೆಕ್ಟಿಂಗ್ ರಾಡಿನ ಕೆಳತುದಿ ಕೂರುವ) ಜರ್ನಲ್ ಸುಮಾರು 47.65 ಮಿ.ಮೀ. ಗುಂಡಗಿನ ವ್ಯತ್ಯಾಸ 0.025 ಮಿ.ಮೀ. ದಾಟಿದ್ದರೆ ಅಥವಾ ಉಗುರು ಸಿಕ್ಕುವಂಥ ಗೀರು ಇದ್ದರೆ ಗ್ರೈಂಡಿಂಗ್ ಆಗಬೇಕು. ಹಳೆಯ ಬೇರಿಂಗ್ ಶೆಲ್ಲಿನ ಬೆನ್ನು ತಿರುಗಿಸಿ ನೋಡಿ: ಅಲ್ಲಿ 020 ಎಂದು ಅಚ್ಚಾಗಿದ್ದರೆ ಹಿಂದೆಯೇ ಒಮ್ಮೆ 20 ಥೌ ಗ್ರೈಂಡ್ ಆಗಿದೆ. ಈ ಕಾರುಗಳಲ್ಲಿ ಕ್ರ್ಯಾಂಕು ಎರಡು ಮೂರು ಬಾರಿ ಗ್ರೈಂಡಿಂಗ್ ಕಂಡಿರುವುದು ಹೊಸದೇನಲ್ಲ. 40 ಥೌ ಮುಗಿದಿದ್ದರೆ ಬೇರೆ ಕ್ರ್ಯಾಂಕ್ ಹುಡುಕಬೇಕು.

ಆಯಿಲ್ ಪಂಪ್: ಇದನ್ನು ಅಳೆಯದೆ ಹಾಗೇ ಹಾಕುವವರೇ ಹೆಚ್ಚು. ಒಳಗಿನ ಎರಡು ರೋಟರ್‌ಗಳ ಹಲ್ಲಿನ ನಡುವೆ 0.15 ಮಿ.ಮೀ. ಮೀರಿ ಸಂದಿದ್ದರೆ, ಅಥವಾ ಪಟ್ಟಿ ಅಡ್ಡ ಇಟ್ಟಾಗ ರೋಟರಿನ ಮೇಲೆ 0.13 ಮಿ.ಮೀ. ಮೀರಿ ಜಾಗವಿದ್ದರೆ ಪಂಪ್ ಬದಲಿಸಿ. ಬೇರಿಂಗ್ ಎಷ್ಟು ಹೊಸದಾದರೂ ಸವೆದ ಪಂಪು ಐಡ್ಲಿಂಗ್ ಪ್ರೆಷರ್ ಕೊಡುವುದಿಲ್ಲ.

ಕ್ಯಾಮ್ ಲೋಬಿನ ತುದಿ ಚಪ್ಪಟೆಯಾಗಿದೆಯೇ, ಟ್ಯಾಪೆಟ್ ತಳದಲ್ಲಿ ಸಣ್ಣ ಗುಳಿಗಳಿವೆಯೇ ನೋಡಿ. ಹೆಡ್ಡಿನ ತಳಕ್ಕೆ ನೇರ ಪಟ್ಟಿ ಇಟ್ಟು 0.05 ಮಿ.ಮೀ. ಫೀಲರ್ ನುಗ್ಗಿದರೆ ಫೇಸಿಂಗ್‌ಗೆ (ತಳ ಸಮ ಮಾಡಿಸಲು) ಕಳಿಸಿ.

ಹಂತ 5: ಮಷಿನ್ ಶಾಪ್

ಜೆ.ಸಿ. ರಸ್ತೆ, ಕಲಾಸಿಪಾಳ್ಯದ ಸುತ್ತ ಬೋರಿಂಗ್, ಗ್ರೈಂಡಿಂಗ್ ಮಾಡುವವರಿದ್ದಾರೆ. ಯಾರ ಹತ್ತಿರ ಹೋದರೂ ಬಾಯಿಮಾತಿಗೆ ಬಿಡದೆ ಚೀಟಿಯಲ್ಲಿ ಬರೆದುಕೊಡಿ.

ಬ್ಲಾಕ್ ಜೊತೆ ಪಿಸ್ಟನ್‌ಗಳನ್ನೂ ಕೊಡಬೇಕು. ಬೋರ್ ಮಾಡಿಸಿ ಆಮೇಲೆ ಪಿಸ್ಟನ್ ತರುವುದು ತಲೆಕೆಳಗು ಕೆಲಸ. ಕೈಯಲ್ಲಿರುವ ಪಿಸ್ಟನ್ನನ್ನು ಅಳೆದು, ಅದರ ಪೆಟ್ಟಿಗೆಯಲ್ಲಿ ತಯಾರಕರು ಕೊಟ್ಟ ಕ್ಲಿಯರೆನ್ಸ್ ಸೇರಿಸಿ ಬೋರ್ ಮಾಡಬೇಕು. ಕೊನೆಗೆ ಹೋನಿಂಗ್ (ಕಲ್ಲಿನಿಂದ ಬೋರ್ ಉಜ್ಜುವ ಕೆಲಸ) ಗೆರೆಗಳು ಒಂದನ್ನೊಂದು ಓರೆಯಾಗಿ ಕತ್ತರಿಸುವಂತೆ ಕಾಣಬೇಕು. ಕನ್ನಡಿಯಂತೆ ಹೊಳೆಯುವ ಬೋರ್ ಕಂಡು ಖುಷಿಪಡಬೇಡಿ, ಆ ಗೆರೆಗಳಿಲ್ಲದೆ ಆಯಿಲ್ ನಿಲ್ಲುವುದಿಲ್ಲ, ರಿಂಗೂ ಕೂರುವುದಿಲ್ಲ.

ಕ್ರ್ಯಾಂಕಿಗೆ, ಸ್ವಚ್ಛವಾಗುವಷ್ಟು ಕನಿಷ್ಠ ಸೈಜಿಗೆ ಮಾತ್ರ ಗ್ರೈಂಡ್ ಮಾಡಲು ಹೇಳಿ. ಜರ್ನಲ್ ಮೂಲೆಯ ದುಂಡು ತಿರುವು ಹಾಗೇ ಉಳಿಯಬೇಕು. ಆ ಮೂಲೆಯನ್ನು ಚೂಪಾಗಿ ಕತ್ತರಿಸಿದರೆ ಕ್ರ್ಯಾಂಕ್ ಮುರಿಯುವುದು ಅಲ್ಲಿಂದಲೇ. ಗ್ರೈಂಡಿಂಗ್‌ಗೆ ಮುನ್ನ ಬಿರುಕಿನ ಪರೀಕ್ಷೆಯೂ ಆಗಲಿ.

ಹೆಡ್ಡಿನ ವಿಷಯದಲ್ಲಿ ಎಕ್ಸಾಸ್ಟ್ ವಾಲ್ವ್‌ಗಳಿಗೆ ಗಟ್ಟಿ ಸೀಟ್ ರಿಂಗ್ ಹಾಕಿಸಿ. ಈ ಹೆಡ್ ಸೀಸ ಬೆರೆಸಿದ ಪೆಟ್ರೋಲ್ ಕಾಲದ್ದು. ದೇಶದಲ್ಲಿ 2000ರಿಂದ ಸಿಗುವುದು ಸೀಸರಹಿತ ಪೆಟ್ರೋಲ್, ಅದರಲ್ಲಿ ಬರಿಯ ಬೀಡುಕಬ್ಬಿಣದ ಸೀಟು ನಿಧಾನವಾಗಿ ಒಳಗೆ ಕುಸಿಯುತ್ತದೆ. ಪದೇ ಪದೇ ಟ್ಯಾಪೆಟ್ ಸಂದಿ ಮುಚ್ಚಿಹೋಗುತ್ತಿದ್ದರೆ ಕಾರಣ ಇದೇ.

ಬ್ಲಾಕಿನ ಎಂಜಿನ್ ನಂಬರ್ ಆರ್‌ಸಿಯಲ್ಲಿರುವುದೇ. ಅದನ್ನು ಉಜ್ಜಬಾರದೆಂದು ಮಷಿನ್ ಶಾಪಿನವರಿಗೆ ಹೇಳಿ. ಗುಜರಿಯಿಂದ ಬೇರೆ ಬ್ಲಾಕ್ ತಂದರೆ ಆರ್‌ಟಿಒದಲ್ಲಿ ಬದಲಾವಣೆ ನಮೂದಿಸಬೇಕು.

ಹಂತ 6: ತೊಳೆಯುವುದು

ಇಡೀ ಕೆಲಸದಲ್ಲಿ ನಿಮ್ಮ ಶ್ರಮ ಹೆಚ್ಚು ಬೇಡುವುದು ಈ ಹಂತ, ಹೆಚ್ಚು ಜನ ಅರ್ಧಕ್ಕೆ ಬಿಡುವುದೂ ಇದನ್ನೇ. ಹೋನಿಂಗ್ ಕಲ್ಲಿನ ಪುಡಿ ಕಣ್ಣಿಗೆ ಕಾಣುವುದಿಲ್ಲ. ಅದು ಆಯಿಲ್ ಜೊತೆ ಸೇರಿ ಹೊಸ ಬೇರಿಂಗನ್ನು ಉಜ್ಜುತ್ತಲೇ ಇರುತ್ತದೆ.

ಆಯಿಲ್ ಗ್ಯಾಲರಿಯ (ಬ್ಲಾಕಿನೊಳಗಿನ ಆಯಿಲ್ ದಾರಿಯ) ತುದಿ ಪ್ಲಗ್‌ಗಳನ್ನೆಲ್ಲ ತೆಗೆಯಿರಿ. ಉದ್ದ ನೈಲಾನ್ ಬ್ರಷ್‌ಗೆ ಡೀಸೆಲ್ ಹಚ್ಚಿ ಪ್ರತಿ ದಾರಿಯನ್ನೂ ಈ ತುದಿಯಿಂದ ಆ ತುದಿಗೆ ಉಜ್ಜಿ, ಕಂಪ್ರೆಸರ್ ಗಾಳಿ ಬಿಡಿ. ಕನ್ನಡಕ ಹಾಕಿಕೊಂಡೇ ಈ ಕೆಲಸ ಮಾಡಿ. ಕ್ರ್ಯಾಂಕಿನ ಓರೆ ತೂತುಗಳನ್ನೂ ಬಿಡಬೇಡಿ, ಹಳೆಯ ಗಸಿ ಗಟ್ಟಿಯಾಗಿ ಕೂತಿರುವುದು ಅಲ್ಲಿ.

ಬೋರ್‌ಗಳಿಗೆ ಡೀಸೆಲ್ ಸಾಲದು, ಪುಡಿ ಗೆರೆಗಳಲ್ಲೇ ಉಳಿಯುತ್ತದೆ. ಬಿಸಿನೀರು, ಪಾತ್ರೆ ತೊಳೆಯುವ ಸೋಪು, ಗಟ್ಟಿ ಬ್ರಷ್ ಬೇಕು. ಒರೆಸಲು ಕಾಟನ್ ವೇಸ್ಟ್ ಬೇಡ, ಅದರ ನೂಲು ಆಯಿಲ್ ದಾರಿಗೆ ಹೋಗಿ ಸಿಕ್ಕಿಕೊಳ್ಳುತ್ತದೆ. ಹಳೆಯ ಬಿಳಿ ಪಂಚೆಯ ತುಂಡಿಗೆ ಎಂಜಿನ್ ಆಯಿಲ್ ತೊಟ್ಟಿಕ್ಕಿ ಬೋರ್ ಒರೆಸಿ. ಬಟ್ಟೆ ಬೂದು ಬಣ್ಣಕ್ಕೆ ತಿರುಗಿದರೆ ಮತ್ತೆ ಸೋಪು ನೀರು. ಬೆಳ್ಳಗೇ ಉಳಿಯುವವರೆಗೆ ನಿಲ್ಲಿಸಬೇಡಿ. ಒಣಗಿದ ಕೂಡಲೇ ಆಯಿಲ್ ಸವರಿ ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿ. ಮಳೆಗಾಲದಲ್ಲಿ ಬರಿ ಬೋರ್ ಒಂದೇ ರಾತ್ರಿಗೆ ಕೆಂಪಾಗುತ್ತದೆ.

ನೀರಿನ ದಾರಿಗೂ ಇಷ್ಟೇ ಗಮನ ಬೇಕು. ವರ್ಷಗಟ್ಟಲೆ ಬೋರ್‌ವೆಲ್ ನೀರು ಕುಡಿದ ಬ್ಲಾಕಿನೊಳಗೆ ಸುಣ್ಣದಂಥ ಹೊಪ್ಪಳಿಕೆ ಮತ್ತು ತುಕ್ಕು ಕಟ್ಟಿರುತ್ತದೆ, ಹಿಂದಿನ ನಾಲ್ಕನೇ ಸಿಲಿಂಡರಿನ ಸುತ್ತ ಹೆಚ್ಚು. ಬದಿಯ ಕೋರ್ ಪ್ಲಗ್‌ಗಳನ್ನು ತೆಗೆದು ಕಂಬಿಯಿಂದ ಕೆದಕಿ ಹೊರಹಾಕಿ, ಹೊಸ ಪ್ಲಗ್ ಬಡಿಯಿರಿ. ಎಂಜಿನ್ ಕಟ್ಟಿದ ಮೇಲೆ ಡಿಸ್ಟಿಲ್ಡ್ ವಾಟರ್ ಮತ್ತು ಕೂಲೆಂಟ್ ಮಾತ್ರ.

ತೊಳೆದ ಡೀಸೆಲ್, ಹಳೆ ಆಯಿಲ್ ಯಾವುದನ್ನೂ ಮೋರಿಗೆ ಸುರಿಯಬೇಡಿ. ಮೋರಿ ರಾಜಕಾಲುವೆಗೆ, ರಾಜಕಾಲುವೆ ಕೆರೆಗೆ ಸೇರುತ್ತದೆ. ಕ್ಯಾನಿನಲ್ಲಿ ತುಂಬಿ, ಹಳೆ ಆಯಿಲ್ ಸಂಗ್ರಹಿಸುವ ಗ್ಯಾರೇಜಿಗೆ ಕೊಡಿ.

ಹಂತ 7: ಕೆಳಭಾಗದ ಜೋಡಣೆ

ಶೆಲ್ಲಿನ ಬೆನ್ನು ಮತ್ತು ಅದು ಕೂರುವ ಜಾಗ ಒಣಗಿರಲಿ, ಆಯಿಲ್ ಒಳಮುಖಕ್ಕೆ ಮಾತ್ರ. ತೂತಿರುವ ಶೆಲ್ಲಿನ ತೂತು ಬ್ಲಾಕಿನ ಆಯಿಲ್ ತೂತಿಗೆ ಸರಿಯಾಗಿ ಬಂತೇ ಎಂದು ಟಾರ್ಚ್ ಬಿಟ್ಟು ನೋಡಿ.

ಮೊದಲು ಪ್ಲಾಸ್ಟಿಗೇಜ್ ಪರೀಕ್ಷೆ. ಒಣ ಜರ್ನಲ್ ಮೇಲೆ ಒಂದು ಎಳೆ ಇಟ್ಟು, ಕ್ಯಾಪನ್ನು ಪೂರ್ತಿ ಟಾರ್ಕಿಗೆ ಬಿಗಿದು, ಮತ್ತೆ ಬಿಚ್ಚಿ ಎಳೆ ಎಷ್ಟು ಅಗಲವಾಗಿ ಹರಡಿದೆ ನೋಡಿ. ನಡುವೆ ಕ್ರ್ಯಾಂಕ್ ತಿರುಗಿಸಬಾರದು. ಜರ್ನಲ್ಲಿನ ಪ್ರತಿ ಇಂಚಿಗೆ ಒಂದು ಥೌ ಸಂದಿ ಎಂಬುದು ಹಳೆಯ ಲೆಕ್ಕ. ಅದರಂತೆ ಇಲ್ಲಿ 0.05 ಮಿ.ಮೀ. ಆಸುಪಾಸು ಬರಬೇಕು. 0.08 ದಾಟಿದರೆ ಕಟ್ಟುವುದನ್ನು ನಿಲ್ಲಿಸಿ, ಗ್ರೈಂಡಿಂಗ್‌ನವರ ಹತ್ತಿರ ವಾಪಸ್ ಹೋಗಿ. ಸಿಗ್ನಲ್‌ನಲ್ಲಿ ಮಿನುಗುವ ಲೈಟಿನ ಮೂಲ ಇದು.

ಮೇನ್ ಬೋಲ್ಟಿಗೆ 70 ಪೌಂಡ್-ಅಡಿ (95 ನ್ಯೂಟನ್ ಮೀಟರ್), ಬಿಗ್ ಎಂಡಿಗೆ 35 (47). ಒಂದೊಂದು ಕ್ಯಾಪ್ ಬಿಗಿದ ಮೇಲೂ ಕ್ರ್ಯಾಂಕನ್ನು ಕೈಯಲ್ಲಿ ತಿರುಗಿಸಿ ನೋಡಿ. ಎಲ್ಲಿ ಬಿಗಿಯಾಯಿತೋ ತಪ್ಪು ಆ ಕ್ಯಾಪಿನಲ್ಲೇ ಇದೆ. ಮೂರನ್ನೂ ಬಿಗಿದ ಮೇಲೆ ನೋಡಿದರೆ ಯಾವುದೆಂದು ಗೊತ್ತಾಗುವುದಿಲ್ಲ. ನಡುವಿನ ಮೇನ್ ಬೇರಿಂಗಿನ ಥ್ರಸ್ಟ್ ವಾಷರ್‌ಗಳ ಗೀರಿರುವ ಮುಖ ಕ್ರ್ಯಾಂಕಿನ ಕಡೆಗೆ ಇರಬೇಕು. ಹಿಂದುಮುಂದಿನ ಆಟ 0.05–0.08 ಮಿ.ಮೀ.

ರಿಂಗನ್ನು ಬೋರಿಗೆ ಇಳಿಸಿ, ಪಿಸ್ಟನ್ ತಲೆಯಿಂದ ತಳ್ಳಿ ಸಮ ಮಾಡಿ, ಬಾಯಿಯ ಸಂದಿ ಅಳೆಯಿರಿ: 0.20–0.33 ಮಿ.ಮೀ. ಕಡಿಮೆಯಿದ್ದರೆ ಸಣ್ಣ ಅರದಿಂದ ಉಜ್ಜಿ. ಸಂದಿ ಸಾಲದಿದ್ದರೆ ಬಿಸಿಗೆ ಹಿಗ್ಗಿ ತುದಿಗಳು ತಾಕಿ ರಿಂಗ್ ಮುರಿಯುತ್ತದೆ. ಗುರುತಿರುವ ಮುಖ ಮೇಲಕ್ಕೆ, ಬಾಯಿಗಳು ಒಂದರ ಕೆಳಗೊಂದು ಬಾರದಂತೆ.

ಈ ಎಂಜಿನ್ನಿನ ಕ್ರ್ಯಾಂಕಿನ ಹಿಂತುದಿಯಲ್ಲಿ ರಬ್ಬರ್ ಸೀಲ್ ಇಲ್ಲ. ಶಾಫ್ಟಿನ ಮೇಲಿನ ಸುರುಳಿ ಗೀರು ಆಯಿಲನ್ನು ಒಳಕ್ಕೆ ಎಳೆದು, ಹಿಂದಿನ ಕ್ಯಾಪಿನ ದಾರಿಯಿಂದ ಸಂಪ್‌ಗೆ (ಎಂಜಿನ್ ತಳದ ಆಯಿಲ್ ತೊಟ್ಟಿಗೆ) ಇಳಿಸುತ್ತದೆ. ಸೋರಿಕೆ ತಡೆಯಲೆಂದು ಅಲ್ಲಿ ಸಿಲಿಕೋನ್ ಮೆತ್ತಿದರೆ ಆ ದಾರಿ ಮುಚ್ಚಿ, ಆಯಿಲ್ ನೇರ ಕ್ಲಚ್ಚಿಗೆ ಬರುತ್ತದೆ. ಬದಲು ಬ್ರೀದರ್ ಪೈಪ್ ಸ್ವಚ್ಛವಾಗಿದೆಯೇ ನೋಡಿ, ಒಳಗಿನ ಒತ್ತಡ ಹೊರಹೋಗಲು ದಾರಿಯಿರಬೇಕು.

ಹಂತ 8: ಟೈಮಿಂಗ್, ಹೆಡ್, ಟ್ಯಾಪೆಟ್

ಕ್ರ್ಯಾಂಕ್ ಮತ್ತು ಕ್ಯಾಮ್ ಗೇರಿನ ಚುಕ್ಕೆಗಳು ಎದುರುಬದುರು ಬರುವಂತೆ ಚೈನ್ ಕೂರಿಸಿ. ಕ್ಯಾಮ್ ಲೋಬ್ ಮತ್ತು ಟ್ಯಾಪೆಟ್ ತಳಕ್ಕೆ ಅಸೆಂಬ್ಲಿ ಪೇಸ್ಟ್ ಧಾರಾಳವಾಗಿ ಹಚ್ಚಿ.

ಹೆಡ್ ಗ್ಯಾಸ್ಕೆಟ್ ಮೇಲೆ ಮುಂಬದಿ ಯಾವುದು, ಮೇಲ್ಮುಖ ಯಾವುದು ಎಂದು ಅಚ್ಚಾಗಿರುತ್ತದೆ. ತಿರುವುಮುರುವಾದರೆ ನೀರಿನ ದಾರಿ ಮುಚ್ಚಿಹೋಗುತ್ತದೆ. ರಾಕರ್ ಸಮೇತ ಎಲ್ಲ 11 ನಟ್ಟುಗಳನ್ನು ನಡುವಿನಿಂದ ಹೊರಗೆ, 15, 30, ಕೊನೆಗೆ 40 ಪೌಂಡ್-ಅಡಿ (54 ನ್ಯೂಟನ್ ಮೀಟರ್) ಹೀಗೆ ಮೂರು ಸುತ್ತಿನಲ್ಲಿ ಬಿಗಿಯಿರಿ.

ಟ್ಯಾಪೆಟ್ ಸಂದಿ 0.38 ಮಿ.ಮೀ., ಅಂದರೆ 15 ಥೌ. ಇದಕ್ಕೆ ಒಂಬತ್ತರ ಲೆಕ್ಕ ನೆನಪಿಡಿ: 8ನೇ ವಾಲ್ವ್ ಪೂರ್ತಿ ತೆರೆದಾಗ 1ನೆಯದನ್ನು, 6 ತೆರೆದಾಗ 3ನ್ನು, 4 ತೆರೆದಾಗ 5ನ್ನು ಹೊಂದಿಸಿ. ಎರಡೂ ಸೇರಿ ಒಂಬತ್ತಾಗಬೇಕು.

ಫೈರಿಂಗ್ ಆರ್ಡರ್ 1-3-4-2, ರೋಟರ್ ತಿರುಗುವುದು ಗಡಿಯಾರಕ್ಕೆ ವಿರುದ್ಧ ದಿಕ್ಕಿಗೆ. ಪಾಯಿಂಟ್ ಗ್ಯಾಪ್ 0.35–0.40 ಮಿ.ಮೀ., ಪ್ಲಗ್ ಗ್ಯಾಪ್ 0.64.

ಹಂತ 9: ಮೊದಲ ಸ್ಟಾರ್ಟ್

ಈಗ ಬಂಕ್‌ಗಳಲ್ಲಿ ಸಿಗುವುದು ಎಥನಾಲ್ ಬೆರೆತ ಪೆಟ್ರೋಲ್. ಹಳೆಯ ರಬ್ಬರ್ ಪೈಪ್ ಮತ್ತು ಪೆಟ್ರೋಲ್ ಪಂಪಿನ ಡಯಾಫ್ರಮ್ ಅದರಲ್ಲಿ ಉಬ್ಬಿ ಹರಿಯುತ್ತವೆ. ಎಥನಾಲ್ ತಡೆಯುವ ಪೈಪ್ ಮತ್ತು ಡಯಾಫ್ರಮ್ ಹಾಕಿ. ಬಿಸಿ ಮ್ಯಾನಿಫೋಲ್ಡ್ ಮೇಲೆ ಪೆಟ್ರೋಲ್ ತೊಟ್ಟಿಕ್ಕಿದರೆ ಬೆಂಕಿ ಹತ್ತಬಹುದು, ಅಗ್ನಿಶಾಮಕ ಸಿಲಿಂಡರ್ ಪಕ್ಕದಲ್ಲೇ ಇರಲಿ.

20ಡಬ್ಲ್ಯು-50 ಮಿನರಲ್ ಆಯಿಲ್ ತುಂಬಿ. ಫಿಲ್ಟರನ್ನೂ ಆಯಿಲಿನಿಂದ ತುಂಬಿಸಿಯೇ ಹಾಕಿ. ಪ್ಲಗ್‌ಗಳಿಲ್ಲದೆ ಸ್ಟಾರ್ಟರ್‌ನಿಂದ ಹತ್ತು ಹತ್ತು ಸೆಕೆಂಡ್ ತಿರುಗಿಸುತ್ತಾ ಗೇಜ್ ಮುಳ್ಳು ಏಳುವವರೆಗೆ ಕಾಯಿರಿ. ಮುಳ್ಳು ಏಳದೆ ಪ್ಲಗ್ ಹಾಕಬೇಡಿ. ಪಂಪ್ ಗಾಳಿ ಹಿಡಿದಿದ್ದರೆ ಗ್ಯಾಲರಿಯ ಕಡೆಯಿಂದ ಆಯಿಲ್ ತುಂಬಿಸಿ ಮತ್ತೆ ಪ್ರಯತ್ನಿಸಿ.

ಎಂಜಿನ್ ಎದ್ದ ಮೇಲೆ ಐಡ್ಲಿಂಗ್‌ಗೆ ಬಿಡಬೇಡಿ. ಹೊಸ ಕ್ಯಾಮ್, ಟ್ಯಾಪೆಟ್ ಹಾಕಿದ್ದರೆ 20 ನಿಮಿಷ 2000 ಆರ್‌ಪಿಎಂ ಆಸುಪಾಸಿನಲ್ಲಿ ಓಡಬೇಕು. ಲೋಬಿಗೆ ಆಯಿಲ್ ಸಿಗುವುದು ಕ್ರ್ಯಾಂಕ್ ಎರಚಿದಾಗಲೇ. ನಿಲ್ಲಿಸಿ ಪೂರ್ತಿ ತಣ್ಣಗಾದ ಮೇಲೆ ಹೆಡ್ ನಟ್ಟುಗಳ ಟಾರ್ಕ್ ಮತ್ತೆ ನೋಡಿ. ಎಂಜಿನ್ ಮತ್ತೊಮ್ಮೆ ಬಿಸಿಯಾದಾಗ ಟ್ಯಾಪೆಟ್ ಸಂದಿಯನ್ನು ಮರುಪರಿಶೀಲಿಸಿ.

ಹಂತ 10: ಮೊದಲ 800 ಕಿ.ಮೀ.

ರಿಂಗ್ ಕೂರಲು ಏರಿಳಿಯುವ ಭಾರ ಬೇಕು. ಸಿಲ್ಕ್ ಬೋರ್ಡ್ ಜಾಮಿನಲ್ಲಿ ಗಂಟೆಗಟ್ಟಲೆ ಐಡ್ಲಿಂಗ್ ಮಾಡಿದರೆ ಬೋರ್ ನುಣುಪಾಗಿ ಹೊಗೆ ಶಾಶ್ವತವಾಗುತ್ತದೆ. ಬೆಳಗ್ಗೆ ಆರರೊಳಗೆ ಹೊರಟು ಕನಕಪುರ ರಸ್ತೆಯಂಥ ಕಡೆ 40ರಿಂದ 60ಕ್ಕೆ ಏರಿಸಿ, ಕಾಲು ತೆಗೆದು ಇಳಿಸಿ, ಹೀಗೆ ಓಡಿಸಿ. ಒಂದೇ ವೇಗದಲ್ಲಿ ಉದ್ದಕ್ಕೂ ಬೇಡ, ನಂದಿ ಬೆಟ್ಟ ಹತ್ತಿಸುವುದೂ ಸದ್ಯಕ್ಕೆ ಬೇಡ. 500 ಕಿ.ಮೀ.ಗೆ ಆಯಿಲ್, ಫಿಲ್ಟರ್ ಬದಲಿಸಿ. ಹಳೆ ಆಯಿಲನ್ನು ಬಿಳಿ ಬಟ್ಟೆಯಲ್ಲಿ ಸೋಸಿ ನೋಡಿ, ಬೂದು ಮಿನುಗು ಸ್ವಲ್ಪ ಇರಬಹುದು, ತಾಮ್ರದ ಬಣ್ಣದ ಚೂರು ಕಂಡರೆ ಬೇರಿಂಗ್ ಸವೆಯುತ್ತಿದೆ.

ಅಪಾಯದ ಸೂಚನೆಗಳು

ಸ್ಟಾರ್ಟ್ ಮಾಡಿದಾಗ ಒಂದು ಗುಟುಕು ನೀಲಿ ಹೊಗೆ ಬಂದು ನಿಂತರೆ ವಾಲ್ವ್ ಗೈಡ್ ಕಡೆ ನೋಡಿ. ಆಕ್ಸಿಲರೇಟರ್ ಒತ್ತಿದಾಗಲೆಲ್ಲ ಬಂದರೆ ರಿಂಗ್. ಬಿಸಿಯಾದ ಮೇಲೂ ಬಿಳಿ ಹೊಗೆ, ರೇಡಿಯೇಟರಿನಲ್ಲಿ ಗುಳ್ಳೆ, ಡಿಪ್‌ಸ್ಟಿಕ್ ಮೇಲೆ ಹಾಲು ಬೆರೆತಂಥ ಆಯಿಲ್ ಕಂಡರೆ ಹೆಡ್ ಗ್ಯಾಸ್ಕೆಟ್ ಸೋರುತ್ತಿದೆ.

ಮೇಲಿನಿಂದ ಹಗುರ ಟಕಟಕ ಬಂದರೆ ಟ್ಯಾಪೆಟ್, ಮನೆ ತಲುಪಿ ನೋಡಿದರಾಯಿತು. ಕೆಳಗಿನಿಂದ ಭಾರವಾದ ಡಬ್ ಡಬ್ ಸದ್ದು, ಆಕ್ಸಿಲರೇಟರ್ ಬಿಟ್ಟಾಗ ಹೆಚ್ಚಾದರೆ ಬಿಗ್ ಎಂಡ್. ಈ ಸದ್ದಾಗಲಿ, ಓಟದಲ್ಲಿ ಆಯಿಲ್ ಪ್ರೆಷರ್ ಬೀಳುವುದಾಗಲಿ ಕಂಡ ಕ್ಷಣವೇ ಕೀ ಆಫ್ ಮಾಡಿ, ಕಾರನ್ನು ಎಳೆಸಿಕೊಂಡು ಬನ್ನಿ. ಆಗಲೇ ನಿಲ್ಲಿಸಿದರೆ ಸಂಪ್ ಇಳಿಸಿ ಶೆಲ್ ಬದಲಿಸುವಷ್ಟರಲ್ಲಿ ಮುಗಿಯಬಹುದು. ಇನ್ನೆರಡು ಕಿಲೋಮೀಟರ್ ತಾನೇ ಎಂದು ಓಡಿಸಿದರೆ ಕ್ರ್ಯಾಂಕ್ ಮತ್ತೆ ಗ್ರೈಂಡಿಂಗ್‌ಗೆ ಹೋಗುತ್ತದೆ, ರಾಡ್ ಮುರಿದರೆ ಬ್ಲಾಕೇ ತೂತಾಗುತ್ತದೆ.